ಹುಣಸೆ ಬೀಜದಲ್ಲಿ ಗಾಳಿ ತೂಗಿದವರು

ಅವರ ಗಡ್ಡ ಎಡಕ್ಕೆ ವಾಲಿತ್ತು. ಅದು ಹುಟ್ಟಿನಿಂದ ಬಂದ ಡೊಂಕಲ್ಲ. ಮದ್ದೂರಿನ ಪೇಟೆ ಬೀದಿಯಲ್ಲಿ ಅವರದೊಂದು ಸಣ್ಣ ಅಂಗಡಿ. ರಿಪೇರಿಯಾದ ಫ್ಯಾನನ್ನು ಬಲಗಡೆಯ ಮೇಜಿನ ಮೇಲಿಟ್ಟು, ಒಂದು ದಿನವಿಡೀ ಓಡಿಸಿ ನೋಡದೆ ಗಿರಾಕಿಗೆ ಕೊಡುತ್ತಿರಲಿಲ್ಲ. ಹೀಗಾಗಿ ಬೆಳಗಿನಿಂದ ಸಂಜೆಯವರೆಗೆ ಯಾವುದಾದರೊಂದು ಫ್ಯಾನು ಅವರ ಬಲಗೆನ್ನೆಗೆ ಬೀಸುತ್ತಲೇ ಇರುತ್ತಿತ್ತು. ವರ್ಷಗಟ್ಟಲೆ ಹಾಗೆ ಕೂತರೆ ಯಾವ ಗಡ್ಡ ತಾನೇ ನೆಟ್ಟಗಿದ್ದೀತು? ಮದರಂಗಿ ಹಚ್ಚಿದ ಆ ಕೆಂಪು ಗಡ್ಡ ಅಂಗಡಿ ಮುಚ್ಚಿದ ಮೇಲೂ, ಗಾಳಿಯೇ ಇಲ್ಲದ ಕಡೆಯೂ ಎಡಕ್ಕೇ ನೋಡುತ್ತಿತ್ತು.

ಊರಿನವರೆಲ್ಲ ಅವರನ್ನು ಪಂಖದ ಸಾಹೇಬರು ಅನ್ನುತ್ತಿದ್ದರು. ನಾನೂ ಹಾಗೇ ಕರೆಯುತ್ತಿದ್ದೆ, ಈಗಲೂ ಹಾಗೇ ಕರೆಯುತ್ತೇನೆ. ಹುಡುಗುತನದಲ್ಲಿ ಬೆಂಗಳೂರಿನ ದಂಡು ಪ್ರದೇಶಕ್ಕೆ ಹೋಗಿ ದೊರೆಗಳ ಬಂಗಲೆಗಳಲ್ಲಿ ಫ್ಯಾನು ಕಟ್ಟುವ ಕೆಲಸ ಕಲಿತು ಬಂದವರಂತೆ. ಮದ್ದೂರಿನಲ್ಲಿ ಆಗ ಫ್ಯಾನು ಇದ್ದ ಮನೆಗಳನ್ನು ಬೆರಳಲ್ಲಿ ಎಣಿಸಬಹುದಿತ್ತು. ಡಾಕ್ಟರು, ಒಬ್ಬಿಬ್ಬರು ವಕೀಲರು, ಸ್ಟೇಷನ್ ಹತ್ತಿರದ ಹೋಟೆಲಿನವರು, ಅಷ್ಟೆ. ಹೊಟ್ಟೆ ತುಂಬಲು ಅದು ಸಾಲದೆ ಹಾರ್ಮೋನಿಯಮ್ಮನ್ನೂ ರಿಪೇರಿ ಮಾಡುತ್ತಿದ್ದರು. ಎರಡೂ ಗಾಳಿಯ ಕೆಲಸವೇ ಅಲ್ಲವಾ ಸ್ವಾಮಿ, ಅನ್ನುತ್ತಿದ್ದರು.

ನಾನು ಅವರನ್ನು ಮೊದಲು ಕಂಡದ್ದು ಮಳವಳ್ಳಿಯಲ್ಲಿ, ಯುದ್ಧದ ಕಾಲದಲ್ಲಿ. ಊರ ಹೊರಗೊಂದು ರೇಷ್ಮೆ ಫಿಲೇಚರ್ ಇತ್ತು, ಗೂಡಿನಿಂದ ನೂಲು ಬಿಚ್ಚುವ ಕಾರ್ಖಾನೆ. ಬಿಚ್ಚಿದ ನೂಲು ಪ್ಯಾರಾಚೂಟಿಗೆ ಹೋಗುತ್ತದೆ ಎಂದು ಹೇಳುತ್ತಿದ್ದ ಕಾಲ ಅದು. ನಾನು ಅಲ್ಲಿ ಬಾಯ್ಲರು ಮತ್ತು ಕರೆಂಟು ನೋಡಿಕೊಳ್ಳುವವನು. ಬೆಂಗಳೂರಿನಲ್ಲಿ ಓದಿ ಡಿಪ್ಲೊಮಾ ತಂದಿದ್ದೆ. ವಯಸ್ಸು ಇಪ್ಪತ್ತಮೂರು, ಜೇಬಿನಲ್ಲಿ ಲೆಕ್ಕದ ಸ್ಲೈಡ್‌ರೂಲು, ತಲೆಯಲ್ಲಿ ಬೇಕಾದ್ದಕ್ಕಿಂತ ಸ್ವಲ್ಪ ಹೆಚ್ಚು ಗತ್ತು. ಎಲ್ಲರೂ ಓವರ್ಸಿಯರ್ ಅನ್ನುತ್ತಿದ್ದರು, ನಾನೂ ಬೇಡ ಅನ್ನಲಿಲ್ಲ.

ಫಿಲೇಚರಿನ ಒಳಗೆ ಹೋಗದವರಿಗೆ ಅದರ ಸೆಕೆ ಹೇಳಿ ತಿಳಿಸುವುದು ಕಷ್ಟ. ಉದ್ದನೆಯ ಒಂದು ಹಜಾರ. ಎರಡು ಸಾಲು ತೊಟ್ಟಿಗಳು, ಒಂದೊಂದರಲ್ಲೂ ಕುದಿಯುವ ನೀರು, ಅದರೊಳಗೆ ಗೂಡುಗಳು, ಅದರ ಮುಂದೆ ಗಿಡ್ಡ ಸ್ಟೂಲಿನ ಮೇಲೆ ಒಬ್ಬೊಬ್ಬ ಹೆಂಗಸು. ಬೆಂದ ಹುಳುವಿನ ವಾಸನೆ ಸೀರೆಗೆ, ಕೂದಲಿಗೆ, ಅನ್ನಕ್ಕೆ ಎಲ್ಲದಕ್ಕೂ ಅಂಟಿಕೊಳ್ಳುತ್ತಿತ್ತು. ಗಾಳಿ ಆಡಿದರೆ ಎಳೆ ಕಡಿಯುತ್ತದೆಂದು ಕಿಟಕಿಗಳನ್ನು ಮುಚ್ಚಿಯೇ ಇಡುತ್ತಿದ್ದರು. ಆ ಹಬೆಯನ್ನು ಹೊರಗೆ ಎಳೆಯುವುದಕ್ಕೆ ಪಡುವಣ ಗೋಡೆಯಲ್ಲಿ ಒಂದೇ ಒಂದು ದೊಡ್ಡ ಫ್ಯಾನು ಇತ್ತು. ಮೂಡಣ ಗೋಡೆಯ ಬುಡದಲ್ಲಿದ್ದ ಕಿಂಡಿಗಳಿಂದ ಹೊಸ ಗಾಳಿ ಬರಬೇಕು, ಪಡುವಣ ಗೋಡೆಯಿಂದ ಹಬೆ ಹೋಗಬೇಕು. ಹೆಂಗಸರ ಉಸಿರಾಟ ನಂಬಿಕೊಂಡಿದ್ದದ್ದು ಆ ಒಂದು ಫ್ಯಾನನ್ನು.

ಸಾಹುಕಾರರಿಗೆ, ಎಂದರೆ ಫಿಲೇಚರಿನ ಮಾಲೀಕರಿಗೆ, ಆ ಫ್ಯಾನು ಕಂಡರೆ ಆಗುತ್ತಿರಲಿಲ್ಲ. ಪೂರ್ತಿ ಬಿಟ್ಟರೆ ತೊಟ್ಟಿಯ ನೀರು ಆರುತ್ತದೆ, ಎಳೆ ಕಡಿಯುತ್ತದೆ, ಸೌದೆ ಸಿಗದ ಕಾಲದಲ್ಲಿ ಒಲೆ ಸುಮ್ಮನೆ ಉರಿಯುತ್ತದೆ ಎಂದು ಗೊಣಗುತ್ತಿದ್ದರು. ಅವರ ಮಾತಿನಲ್ಲೂ ನಿಜವಿತ್ತು. ಫ್ಯಾನಿನ ವೇಗ ತಗ್ಗಿಸುವ ರೆಗ್ಯುಲೇಟರು ಯುದ್ಧದ ದೆಸೆಯಿಂದ ಎಲ್ಲೂ ಸಿಗುತ್ತಿರಲಿಲ್ಲ. ಮದ್ದೂರಿನ ಸಾಹೇಬರು ಕೈಯಲ್ಲೇ ಮಾಡಿಕೊಡುತ್ತಾರೆಂದು ಯಾರೋ ಹೇಳಿದರು. ಹೇಳಿ ಕಳಿಸಿದ ವಾರಕ್ಕೆ ಅವರು ಇದ್ದಿಲು ಬಸ್ಸಿನಲ್ಲಿ ಬಂದಿಳಿದರು. ಪೆಟ್ರೋಲಿಲ್ಲದೆ ಬಸ್ಸಿನ ಹಿಂದೆ ಇದ್ದಿಲಿನ ಒಲೆ ಕಟ್ಟಿಕೊಂಡು ಓಡಿಸುತ್ತಿದ್ದ ದಿನಗಳು, ಬಂದವರ ಮುಖವೆಲ್ಲ ಕಪ್ಪಾಗಿತ್ತು.

ತಂತಿ ಸುತ್ತಿ, ಐದು ನಂಬರು ಇಟ್ಟು, ಅಂದವಾದ ರೆಗ್ಯುಲೇಟರು ಮಾಡಿ ಗೋಡೆಗೆ ಬಿಗಿದರು. ನಾನು ವೋಲ್ಟ್‌ಮೀಟರು ಹಿಡಿದು ಒಂದೊಂದು ನಂಬರಿಗೂ ಫ್ಯಾನಿಗೆ ಎಷ್ಟು ವೋಲ್ಟು ಹೋಗುತ್ತದೆಂದು ಬರೆದುಕೊಂಡೆ. ಮೂರನೇ ನಂಬರಿನಲ್ಲಿ ಹೆಚ್ಚುಕಡಿಮೆ ಮೂರರಲ್ಲಿ ಎರಡು ಪಾಲು ಬಂತು. ಸರಿ, ಕರೆಂಟು ಎರಡು ಪಾಲಾದರೆ ಗಾಳಿಯೂ ಎರಡು ಪಾಲು ಎಂದು ಸ್ಲೈಡ್‌ರೂಲು ಸರಿಸಿದೆ. ಸಾಹೇಬರು ಪಕ್ಕದಲ್ಲೇ ನಿಂತು ನೋಡುತ್ತಿದ್ದರು.

"ಸ್ವಾಮಿ, ಈಗ ನೀವು ಅಳೆದಿದ್ದು ಕರೆಂಟು. ಗಾಳಿ ಇನ್ನೂ ಅಳೆದಿಲ್ಲ" ಅಂದರು.

"ಎರಡೂ ಒಂದೇ ಲೆಕ್ಕ ಅಲ್ಲವೇ ಸಾಹೇಬರೇ?"

"ಅಂಗಲ್ಲ. ಆಸಾಡದ ಗಾಳಿ ಬರ್ಲಿ, ಅದು ಈ ಗೋಡೆಗೇ ಒಡೀತದೆ. ಆವಾಗ ಒಂದ್ಸಲ ಅಳೆದು, ಆಮ್ಯಾಕೆ ಬರೀರಿ."

ನಾನು ನಕ್ಕೆ. ಆ ನಗು ನೆನೆಸಿಕೊಂಡರೆ ಇವತ್ತಿಗೂ ಕಿವಿ ಬಿಸಿಯಾಗುತ್ತದೆ. ಅವರು ಬಸ್ಸು ಹತ್ತಿದ ಮೇಲೆ ದಪ್ಪ ಕಾಗದದ ಮೇಲೆ ಗೆರೆ ಎಳೆದು, ಯಾವ ನಂಬರಿಗೆ ಎಷ್ಟು ಪಾಲು ಗಾಳಿ ಎಂದು ಕೆಂಪು ಶಾಯಿಯಲ್ಲಿ ಬರೆದು, ಕೆಳಗೆ ನನ್ನ ರುಜು ಹಾಕಿ, ರೆಗ್ಯುಲೇಟರಿನ ಪಕ್ಕ ಅಂಟಿಸಿದೆ. ತಪಾಸಣೆಗೆ ಬರುತ್ತಿದ್ದ ರೇಷ್ಮೆ ಅಧಿಕಾರಿಗಳು, ತೊಟ್ಟಿ ಕುದಿಯುವಾಗ ಮೂರರಲ್ಲಿ ಎರಡು ಪಾಲು ಗಾಳಿಯಾದರೂ ಆಡಬೇಕೆಂದು ಹಿಂದಿನ ಸಲ ಹೇಳಿ ಹೋಗಿದ್ದರು. ಸಾಹುಕಾರರು ಚೀಟಿ ನೋಡಿ ನನ್ನ ಬೆನ್ನು ತಟ್ಟಿದರು. ಅವತ್ತಿನಿಂದ ಫ್ಯಾನು ಮೂರನೇ ನಂಬರಿಗೆ ನಿಂತಿತು.

ಆಷಾಢ ಬಂತು. ಬೆಳಗ್ಗೆ ಎಲ್ಲ ಸರಿಯಾಗಿರುತ್ತಿತ್ತು. ಮಧ್ಯಾಹ್ನ ಪಡುವಣ ಗಾಳಿ ಏಳುತ್ತಿತ್ತು, ಅದೇ ಹೊತ್ತಿಗೆ ಊರಿನ ಅಕ್ಕಿ ಗಿರಣಿ ಶುರುವಾಗಿ ನಮ್ಮ ದೀಪಗಳು ಮಂಕಾಗುತ್ತಿದ್ದವು. ಹೆಂಗಸರು ಕೆಮ್ಮುತ್ತಿದ್ದರು. ಅವರಲ್ಲಿ ಹಿರಿಯಳು ಕೆಂಪಮ್ಮ. ಬಾಯಿ ಜೋರು, ಕೈ ಅದಕ್ಕಿಂತ ಚುರುಕು. ಒಂದು ದಿನ ನನ್ನ ಹತ್ತಿರ ಬಂದು, "ಬುದ್ಧಿ, ಮದ್ಯಾನದ ಮ್ಯಾಲೆ ಗಾಳಿನೇ ಆಡಕಿಲ್ಲ. ಅಬೆಯೆಲ್ಲ ನಮ್ಮ ಮಕಕ್ಕೇ ತಿರುಗ್ತದೆ" ಅಂದಳು.

ನಾನು ಫ್ಯಾನಿನ ಕಡೆ ಕೈ ತೋರಿಸಿದೆ. "ತಿರುಗ್ತಾ ಇದೆಯಲ್ಲಮ್ಮ. ಚೀಟಿ ನೋಡು, ಎರಡು ಪಾಲು ಗಾಳಿ ಬರ್ತಾ ಇದೆ."

ಕೆಂಪಮ್ಮನಿಗೆ ಓದು ಬರುತ್ತಿರಲಿಲ್ಲ. ಚೀಟಿಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿ, ಹಿಂದಿರುಗಿ ತೊಟ್ಟಿಯ ಮುಂದೆ ಕೂತಳು. ಓದು ಬಾರದವಳಿಗೆ ಚೀಟಿ ತೋರಿಸಿ ಬಾಯಿ ಮುಚ್ಚಿಸಿದೆನಲ್ಲ, ಆ ನಾಚಿಕೆ ಆಗ ನನಗೆ ಆಗಲೇ ಇಲ್ಲ.

ಅದಾಗಿ ನಾಲ್ಕೈದು ದಿನಕ್ಕೆ ಮೂಡಣ ತುದಿಯ ತೊಟ್ಟಿಯಲ್ಲಿದ್ದ ಪುಟ್ಟಿ ಎಂಬ ಹುಡುಗಿ, ಕೆಂಪಮ್ಮನ ತಂಗಿಯ ಮಗಳು, ಕೂತಲ್ಲೇ ಕಣ್ಣು ಕತ್ತಲೆ ಬಂದು ಮುಂದಕ್ಕೆ ಬಿದ್ದಳು. ಎಡಗೈ ಮಣಿಕಟ್ಟಿನವರೆಗೆ ಕುದಿಯುವ ನೀರಿಗೆ ಹೋಯಿತು. ಆ ಕೂಗು ಬಾಯ್ಲರಿನ ಹತ್ತಿರವಿದ್ದ ನನಗೆ ಕೇಳಿತು. ಗಾಡಿ ಕಟ್ಟಿಸಿ ಆಸ್ಪತ್ರೆಗೆ ಕಳಿಸಿದೆವು. ಸಾಹುಕಾರರು, ಹೊಟ್ಟೆಗಿಲ್ಲದೆ ಬಂದಿರಬೇಕು, ಅದಕ್ಕೇ ತಲೆ ಸುತ್ತಿದೆ ಅಂದರು. ನಾನು ಹೌದು ಅಂದೆ. ಹೌದು ಅನ್ನುವುದಕ್ಕೆ ನನಗೆ ಎಷ್ಟು ಹಿತವಾಗಿತ್ತೆಂದರೆ, ಅದೇ ಅನುಮಾನಕ್ಕೆ ಕಾರಣವಾಗಬೇಕಿತ್ತು.

ಸುದ್ದಿ ಬಸ್ಸಿನವರ ಬಾಯಿಂದ ಮದ್ದೂರಿಗೆ ಹೋಯಿತು. ಮಾರನೆಯ ಬೆಳಗ್ಗೆ ಸಾಹೇಬರು ಯಾರೂ ಕರೆಯದೆ ಬಂದಿಳಿದರು. ನನ್ನನ್ನು ಏನೂ ಕೇಳಲಿಲ್ಲ. ಚೀಟಿಯ ಮುಂದೆ ನಿಂತು ಓದಿದರು. ನೇರ ಕೆಂಪಮ್ಮನ ಹತ್ತಿರ ಹೋಗಿ, "ತಾಯಿ, ಆ ಮಗು ಕುಂತಿದ್ದ ಜಾಗದಲ್ಲಿ ನಾನು ಒಸಿ ಕುಂತ್ಕಳ್ಳಾ?" ಎಂದು ಕೇಳಿದರು. ಹೆಂಗಸರೆಲ್ಲ ಕೆಲಸ ನಿಲ್ಲಿಸಿ ನೋಡಿದರು. ಆ ಸ್ಟೂಲುಗಳ ಮೇಲೆ ಗಂಡಸೊಬ್ಬ ಕೂತದ್ದನ್ನು ಅದುವರೆಗೆ ಯಾರೂ ಕಂಡಿರಲಿಲ್ಲ. ನಾನಂತೂ ಕೂತಿರಲಿಲ್ಲ.

ಕೂತು, ಚೀಲದಿಂದ ಅವರ ಯಂತ್ರ ತೆಗೆದರು. ಯಂತ್ರವೆಂದರೆ ಬಿದಿರಿನ ಒಂದು ಚೌಕಟ್ಟು, ಅದರಲ್ಲಿ ಸೂಜಿಯಿಂದ ನೇತಾಡುವ ಒಂದು ಅಂಚೆ ಕಾರ್ಡು. ಗಾಳಿ ಬಂದರೆ ಕಾರ್ಡು ವಾಲುತ್ತದೆ. ಎಷ್ಟು ವಾಲಿತೆಂದು ನೋಡಲು ಚೌಕಟ್ಟಿನ ಮೇಲೆ ಪೆನ್ಸಿಲಿನ ನಾಲ್ಕು ಗೆರೆಗಳಿದ್ದವು, ಒಂದೊಂದಕ್ಕೂ ಅವರೇ ಇಟ್ಟ ಹೆಸರು: ಉಸಿರು, ಬೀಸಣಿಗೆ, ಕಿಟಕಿ, ಕೆರೆ ಏರಿ. ನಶ್ಯದ ಡಬ್ಬಿಯೊಂದರಲ್ಲಿ ಹುಣಸೆ ಬೀಜಗಳಿದ್ದವು. ಗಾಳಿಯ ಬಲ ನೋಡಬೇಕಾದಾಗ ಕಾರ್ಡಿಗೆ ಬೀಜ ಅಂಟಿಸಿ, ಎಷ್ಟು ಬೀಜದ ಭಾರವನ್ನು ಗಾಳಿ ಎತ್ತಿ ಹಿಡಿಯುತ್ತದೆಂದು ಎಣಿಸುತ್ತಿದ್ದರು. ನನಗೆ ನಗು ಬರಬೇಕಿತ್ತು. ಹಿಂದಿನ ದಿನದ ಕೂಗು ಕಿವಿಯಲ್ಲಿದ್ದುದರಿಂದ ಬರಲಿಲ್ಲ.

ಮೊದಲು ಫ್ಯಾನಿನ ಹತ್ತಿರ ಹೋಗಿ ಒಂದು ಸಂಗತಿ ತೋರಿಸಿದರು. ರೆಕ್ಕೆಗೆ ಕಾಗದದ ಚೂರು ತಾಗಿಸಿ ಅದರ ಸದ್ದು ಕೇಳಿದರು. ಹಾರ್ಮೋನಿಯಂ ಕಿವಿಯಲ್ಲವೇ, ಸದ್ದು ಒಂದು ಸ್ಥಾಯಿ ಕೆಳಗಿಳಿದರೆ ಸುತ್ತು ಅರ್ಧವಾಯಿತೆಂದು ಅವರ ಲೆಕ್ಕ. ಪೂರ್ತಿ ವೇಗದಲ್ಲಿ ಕಾರ್ಡು ನಾಲ್ಕು ಬೀಜ ಹೊತ್ತು ನಿಂತಿತು. ಸುತ್ತು ಅರ್ಧಕ್ಕೆ ಇಳಿಸಿದರು. ನಾನು ಎರಡು ಬೀಜ ಎಂದುಕೊಂಡೆ. ಒಂದನ್ನು ಮಾತ್ರ ಎತ್ತಿತು. ಮತ್ತೊಮ್ಮೆ ಮಾಡಿದರು, ಮತ್ತೆ ಒಂದೇ.

"ಸುತ್ತು ಅರ್ಧ ಆದ್ರೆ ತಳ್ಳೋ ಜೋರು ಕಾಲು ಭಾಗ ಸ್ವಾಮಿ. ಕೆಲಸ ಕಲ್ಸಿದ ನಮ್ಮ ಉಸ್ತಾದರು ಏಳಿದ್ದಲ್ಲ, ಈ ಬೀಜ ಏಳಿದ್ದು."

ಪುಸ್ತಕದಲ್ಲಿ ಆ ಸೂತ್ರವನ್ನು ನಾನೂ ಓದಿದ್ದೆ, ಪರೀಕ್ಷೆಯಲ್ಲಿ ಬರೆದು ಮಾರ್ಕೂ ತೆಗೆದುಕೊಂಡಿದ್ದೆ. ಮಳವಳ್ಳಿಯ ಗೋಡೆಯ ಮೇಲಿನ ಫ್ಯಾನಿಗೂ ಅದು ಅನ್ವಯಿಸುತ್ತದೆ ಎಂದು ಮಾತ್ರ ಹೊಳೆದಿರಲಿಲ್ಲ.

ಮತ್ತೆ ಪುಟ್ಟಿಯ ಜಾಗದಲ್ಲಿ ಕೂತರು. ಬೆಳಗಿನ ಹೊತ್ತು, ಮೂರನೇ ನಂಬರಿನಲ್ಲಿ, ಕಾರ್ಡು ಫ್ಯಾನಿನ ಕಡೆಗೆ ಬೀಸಣಿಗೆಯ ಗೆರೆಯವರೆಗೆ ವಾಲಿತು. ಪರವಾಗಿಲ್ಲ ಅನಿಸಿತು. ನಮಾಜಿಗೆಂದು ಒಮ್ಮೆ ಎದ್ದು ಹೋಗಿ ಬಂದು, ಮತ್ತೆ ಅಲ್ಲೇ ಕೂತರು. ಮಧ್ಯಾಹ್ನ ಗಿರಣಿ ಶುರುವಾಯಿತು, ದೀಪ ಮಂಕಾಯಿತು. ಹೊರಗೆ ಗಾಳಿ ಎದ್ದು ಫ್ಯಾನಿನ ಮುಂದಿನ ಜಾಲರಿ ಶಿಳ್ಳೆ ಹಾಕತೊಡಗಿತು. ಕಾರ್ಡು ನಿಧಾನವಾಗಿ ಇಳಿಯಿತು, ನೆಟ್ಟಗೆ ನಿಂತಿತು, ಆಮೇಲೆ ಹಿಂದಕ್ಕೆ, ನಮ್ಮ ಕಡೆಗೆ ವಾಲಿತು. ಆ ಕಡೆಗೆ ಗೆರೆಯನ್ನೇ ಎಳೆದಿರಲಿಲ್ಲ. ಫ್ಯಾನು ಮಾತ್ರ ತಿರುಗುತ್ತಲೇ ಇತ್ತು.

"ಬನ್ನಿ ಸ್ವಾಮಿ, ಇಲ್ಲಿ ಕುಂತ್ಕಳಿ" ಎಂದು ಎದ್ದು ಸ್ಟೂಲು ಬಿಟ್ಟುಕೊಟ್ಟರು.

ಕೂತೆ. ಮುಖದ ಮುಂದೆ ಕುದಿಯುವ ತೊಟ್ಟಿ, ಮೇಲಿನಿಂದ ತಿರುಗಿ ಬರುವ ಹಬೆ. ನೂರು ಎಣಿಸುವುದರೊಳಗೆ ಎದೆ ಬಿಗಿಯಿತು. ಈ ಹೆಂಗಸರು ದಿನವಿಡೀ ಕೂರುತ್ತಿದ್ದರು. ಎದ್ದು ಹೊರಗೆ ಹೋಗಿ ಗೋಡೆ ಹಿಡಿದು ನಿಂತೆ, ಸಾಹೇಬರೂ ಬಂದರು.

"ಇದ್ದಿಲು ಬಸ್ಸು ನೋಡಿದ್ದೀರಲ್ಲ ಸ್ವಾಮಿ. ಸಮ ನೆಲದಾಗೆ ಅರ್ಧ ಬೆಂಕೀಲೂ ಓಯ್ತದೆ. ದಿಣ್ಣೆ ಬಂದ್ರೆ? ಅರ್ಧ ಬೆಂಕೀಲಿ ಅರ್ಧ ದಿಣ್ಣೆ ಅತ್ತಕಿಲ್ಲ, ಪೂರ್ತಿ ಇಂದಕ್ಕೇ ಜಾರ್ತದೆ. ಈ ಗಾಳಿ ಫ್ಯಾನಿಗೆ ದಿಣ್ಣೆ."

ನಾನು ಕೇಳಿದೆ, "ಚೀಟಿ ನೀವೇ ಕಿತ್ತುಹಾಕಬಹುದಿತ್ತಲ್ಲ ಸಾಹೇಬರೇ? ಸಾಹುಕಾರರಿಗೆ ನೀವೇ ಹೇಳಬಹುದಿತ್ತು."

ಅವರು ಗಡ್ಡ ನೀವಿಕೊಂಡರು. "ನಾನು ಕಿತ್ತರೆ ಜಗಳ ಆಯ್ತದೆ. ನೀವು ಕಿತ್ತರೆ ಲೆಕ್ಕ ಸರಿಯಾಯ್ತದೆ" ಅಂದರು.

ಸಾಹುಕಾರರಿಗೆ ಹೇಳಿದೆ. ಅವರು ಕಿವಿಗೇ ಹಾಕಿಕೊಳ್ಳಲಿಲ್ಲ. "ನಾಡಿದ್ದು ಅಧಿಕಾರಿಗಳು ಬರ್ತಾರೆ ಕಣಯ್ಯ. ಅವರು ಹೋಗೋವರೆಗೂ ಚೀಟಿ ಅಲ್ಲೇ ಇರಲಿ. ಬಾಯಿ ಮುಚ್ಚಿಕೊಂಡು ಇದ್ದರೆ ನಿನಗೂ ಒಳ್ಳೇದು." ಆ ಎರಡು ದಿನ ಮನೆಯ ಖರ್ಚಿನ ಲೆಕ್ಕವನ್ನೇ ಹಾಕುತ್ತಿದ್ದೆ. ಮನೆಯಲ್ಲಿ ನನ್ನ ಸಂಬಳವೊಂದೇ ಆಧಾರ, ಯುದ್ಧಕಾಲದಲ್ಲಿ ಬೇರೆ ಕೆಲಸ ಹುಡುಕುವುದು ಸುಲಭವಿರಲಿಲ್ಲ. ಧೈರ್ಯವಂತನೆಂದು ಈಗ ಹೇಳಿಕೊಳ್ಳಲಾರೆ, ಹೆದರಿದ್ದೆ.

ಅಧಿಕಾರಿಗಳು ಬೆಳಗ್ಗೆ ಬಂದರು, ಚೀಟಿ ಓದಿ ತಲೆಯಾಡಿಸಿದರು, ಊಟಕ್ಕೆ ಹೊರಡಲು ಎದ್ದರು. ಅದೆಲ್ಲಿಂದ ಧೈರ್ಯ ಬಂತೋ, "ಸಾರ್, ಮೂರು ಗಂಟೆಯವರೆಗೆ ಇದ್ದು ನೋಡಬೇಕು" ಎಂದುಬಿಟ್ಟೆ. ಮೂರು ಗಂಟೆಗೆ ಅವರನ್ನು ಪುಟ್ಟಿಯ ಸ್ಟೂಲಿನ ಮೇಲೆ ಕೂರಿಸಿ, ಸಾಹೇಬರು ಬಿಟ್ಟು ಹೋಗಿದ್ದ ಚೌಕಟ್ಟನ್ನು ಕೈಗೆ ಕೊಟ್ಟೆ. ಕಾರ್ಡು ಅವರ ಮುಖದ ಕಡೆಗೆ ವಾಲಿತು. ನಾನು ಗೋಡೆಯ ಹತ್ತಿರ ಹೋಗಿ ಚೀಟಿಯನ್ನು ಉಗುರಿನಿಂದ ಕೆರೆದು ಕಿತ್ತೆ. ಎಲ್ಲರಿಗೂ ಕೇಳುವ ಹಾಗೆ, "ಇದರಲ್ಲಿ ಬರೆದದ್ದು ತಪ್ಪು. ಬರೆದವನು ನಾನೇ. ಗಾಳಿ ಅಳೆಯದೆ ಬರೆದೆ" ಅಂದೆ. ಕೆಂಪಮ್ಮ ತೊಟ್ಟಿ ಬಿಟ್ಟು ಎದ್ದು ನಿಂತಿದ್ದಳು.

ಅಧಿಕಾರಿಗಳು ಫ್ಯಾನನ್ನು ಪೂರ್ತಿ ಹಾಕಿಸಿ, ಹಾಗೇ ಇರಬೇಕೆಂದು ಬರೆದು ಹೋದರು. ಸಾಹುಕಾರರು ನನ್ನ ಮುಖ ನೋಡದೆ, ನಾಳೆಯಿಂದ ಬರಬೇಡ ಅಂದರು. ಆದರೆ ಮಾರನೆಯ ದಿನ ನನ್ನ ಪೆಟ್ಟಿಗೆ ತೆಗೆದುಕೊಳ್ಳಲು ಹೋದಾಗ ಅವರೇ ಕರೆದು, "ಆಯಿತು, ಇರು. ಇನ್ನು ಮೇಲೆ ನೋಡಿಕೊಂಡು ಬರಿ" ಅಂದರು. ನನ್ನ ಸತ್ಯಕ್ಕೆ ಮೆಚ್ಚಿ ಉಳಿಸಿಕೊಂಡರೆಂದು ನಾನು ತಿಳಿದೆ. ಎಷ್ಟೋ ದಿನ ಬೀಗಿಕೊಂಡೂ ಇದ್ದೆ.

ಆ ವಾರವೇ ಸಾಹೇಬರು ಬಂದು ಫ್ಯಾನಿನ ಹೊರಗೆ ಗಾಳಿ ನೇರ ಹೊಡೆಯದಂತೆ ಹಲಗೆಯ ಮರೆ ಕಟ್ಟಿದರು. ಜಾಲರಿಗೆ ಅಂಟಿದ್ದ ರೇಷ್ಮೆ ನವಿರನ್ನು ಬಿಡಿಸಿದರು. ತೊಟ್ಟಿಗಳ ಮುಂದೆ ಮೊಣಕಾಲೆತ್ತರದ ತಟ್ಟಿ ನಿಲ್ಲಿಸಿದರು. ಹಬೆ ಮೇಲಿನಿಂದ ಹೋಗುತ್ತಿತ್ತು, ಎಳೆಗೆ ಗಾಳಿ ತಾಗುತ್ತಿರಲಿಲ್ಲ, ನೀರೂ ಆರುತ್ತಿರಲಿಲ್ಲ. ಸಾಹುಕಾರರ ದೂರು ಮುಗಿಯಿತು. ಪುಟ್ಟಿ ಎರಡು ತಿಂಗಳ ಮೇಲೆ ಕೆಲಸಕ್ಕೆ ಬಂದಳು. ಕೈಯ ಚರ್ಮ ಸುಕ್ಕಾಗಿತ್ತು, ಬೆರಳುಗಳು ಆಡುತ್ತಿದ್ದವು.

ಅದಾದ ಮೇಲೆ ಸಾಹೇಬರನ್ನು ಫಿಲೇಚರಿಗೆ ಯಾರೂ ಕರೆಯಲಿಲ್ಲ. ಸಣ್ಣ ಕೆಲಸಕ್ಕೂ ಮೈಸೂರಿನಿಂದ ಜನ ಬರುತ್ತಿದ್ದರು. ವಯಸ್ಸಾಯಿತು, ಬಸ್ಸಿನ ಓಡಾಟ ಬೇಡವೆಂದು ಅವರೇ ಬಿಟ್ಟಿರಬೇಕೆಂದು ನಾನು ಅಂದುಕೊಂಡೆ. ಭಾನುವಾರಗಳಲ್ಲಿ ನಾನೇ ಮದ್ದೂರಿಗೆ ಹೋಗುತ್ತಿದ್ದೆ. ಅಂಗಡಿಯ ಮೆಟ್ಟಿಲ ಮೇಲೆ ಕೂರಿಸಿ, ಎದುರು ಹೋಟೆಲಿನಿಂದ ವಡೆ ಕಾಫಿ ತರಿಸಿ, ನನಗೆ ಅಳೆಯುವುದನ್ನು ಕಲಿಸಿದರು. ಒಂದು ದಿನವೂ ಫಿಲೇಚರಿನ ಮಾತು ಎತ್ತಲಿಲ್ಲ. ನಾಲ್ಕು ವರ್ಷ ಹೀಗೇ ನಡೆಯಿತು.

ಸ್ವಾತಂತ್ರ್ಯ ಬರುವುದಕ್ಕೆ ಸ್ವಲ್ಪ ಮುಂಚೆ, ಜ್ವರದಲ್ಲಿ ಮೂರು ದಿನ ಮಲಗಿ ಸಾಹೇಬರು ತೀರಿಕೊಂಡರು. ರಜ ಕೇಳಲು ಸಾಹುಕಾರರ ಹತ್ತಿರ ಹೋದೆ. "ಹೋಗಿ ಬಾ. ಕೈಯಲ್ಲಿ ಕಸುಬಿದ್ದ ಮನುಷ್ಯ" ಅಂದವರು, ಮಾತು ಮುಂದುವರಿಸಿದರು. "ಆ ಚೀಟಿ ವಿಷಯದಲ್ಲಿ ಮಾತ್ರ ನಮಗೆ ಕೆಟ್ಟದ್ದು ಮಾಡಿದ. ಗಾಳಿ ವಿಷಯ ಗೊತ್ತಿದ್ದೂ ಓವರ್ಸಿಯರಿಗೆ ಹೇಳದೆ ಬಿಟ್ಟೆ, ತಪ್ಪು ನಂದು ಅಂತ, ನೀನು ಚೀಟಿ ಕಿತ್ತ ದಿನ ರಾತ್ರಿ ಬಸ್ಸಿನವರಿಂದ ಸುದ್ದಿ ಕೇಳಿ ಅವನೇ ಮನೆಗೆ ಬಂದು ಒಪ್ಪಿಕೊಂಡ, ಫ್ಯಾನು ಸರಿ ಮಾಡಿಕೊಡ್ತೀನಿ ಅಂದ. ಇಲ್ಲದಿದ್ದರೆ ನಿನ್ನನ್ನು ಇಟ್ಟುಕೊಳ್ತಿದ್ದೆನೇ?"

ಸಾಹೇಬರು ಹೇಳಿದ್ದರು, ನಾನೇ ಕೇಳಲಿಲ್ಲ ಎಂದು ಸಾಹುಕಾರರಿಗೆ ಅಲ್ಲೇ ಹೇಳಿದೆ. ಅವರು ಗಡಿಯಾರದ ಕಡೆ ನೋಡಿ, "ಬಸ್ಸಿಗೆ ಹೊತ್ತಾಯಿತು, ಹೊರಡು" ಅಂದರು.

ಕೆಂಪಮ್ಮ ತಾನೂ ಬರುತ್ತೇನೆಂದು ಹೊರಟಳು. ಮದ್ದೂರು ತಲುಪುವ ಹೊತ್ತಿಗೆ ಮಣ್ಣಾಗಿತ್ತು. ಕೆಂಪಮ್ಮ ಒಳಗೆ ಹೋಗಿ ಸಾಹೇಬರ ಹೆಂಡತಿಯ ಪಕ್ಕ ಕೂತಳು. ನಾನು ಪರದೆಯ ಈಚೆ ನಿಂತು, ಸಾಹುಕಾರರು ಹೇಳಿದ್ದನ್ನೆಲ್ಲ ಹೇಳಿ, "ಅಮ್ಮಾ, ತಪ್ಪು ನನ್ನದು. ಅವರಿಗೆ ಕೆಲಸ ಕೈತಪ್ಪಿದ್ದು ನನ್ನಿಂದ. ನನಗೆ ಇವತ್ತಿನವರೆಗೆ ಗೊತ್ತಿರಲಿಲ್ಲ" ಅಂದೆ.

ಆಕೆಯ ದನಿ ಅಳುವಿನಲ್ಲೂ ಗಟ್ಟಿಯಾಗಿತ್ತು. "ನಂಗೆ ಗೊತ್ತಿತ್ತು ಕಣಪ್ಪ. ಮಾಡ್ದಿರೋ ತಪ್ಪು ಯಾಕೆ ತಲೆ ಮ್ಯಾಲೆ ಆಕ್ಕಂಡ್ರಿ ಅಂತ ನಾನೂ ಬೈದೆ. ಆ ಉಡುಗ ಅಷ್ಟು ಜನದ ಮುಂದೆ ತಪ್ಪು ಒಪ್ಕಂಡವ್ನೆ, ಅದಕ್ಕೇ ಕೆಲಸ ಓದ್ರೆ ಇನ್ನು ಜೀವಮಾನದಾಗೆ ಒಪ್ಕಳಕಿಲ್ಲ, ಮುಂದೆ ಅವನ ಕೈಯಾಗೆ ಇನ್ನೆಷ್ಟು ಜನದ ಉಸಿರು ಇರ್ತದೋ ಅಂದ್ರು."

ಆಮೇಲೆ ಮೂವತ್ತು ವರ್ಷ ಬೇರೆ ಬೇರೆ ಊರುಗಳಲ್ಲಿ ಕೆಲಸ ಮಾಡಿದೆ. ತಪ್ಪುಗಳನ್ನು ಮಾಡಿದ್ದೇನೆ, ದೊಡ್ಡವನ್ನೂ ಮಾಡಿದ್ದೇನೆ. ಗೊತ್ತಾದ ದಿನವೇ ಹೋಗಿ ಹೇಳಿದ್ದೇನೆ, ಒಂದನ್ನೂ ಮುಚ್ಚಿಡಲಿಲ್ಲ. ಜನ ಇದನ್ನು ನನ್ನ ಒಳ್ಳೆಯ ಗುಣವೆಂದು ಹೊಗಳುತ್ತಾರೆ. ಇದು ನನ್ನ ಗುಣವಲ್ಲ, ಮದ್ದೂರಿನ ಒಬ್ಬರು ತಮ್ಮ ಹೆಸರು ಕೆಡಿಸಿಕೊಂಡು ನನ್ನಲ್ಲಿ ಉಳಿಸಿಹೋದದ್ದು.